ನೇತ್ರಾಣಿ: ಮುರ್ಡೇಶ್ವರದಾಚೆಯ ನಿರ್ಜನ ದ್ವೀಪ

ರಜೆಗೆ ಊರಿಗೆ ಹೋಗಿ ಬಂದ ಮೇಲೆ ನಮ್ಮ ಲಂಡನ್ ಕನ್ನಡಿಗರ ಮನೆಗಳಲ್ಲಿ ಫೋಟೋ ತೋರಿಸುವ ಕಾರ್ಯಕ್ರಮ ಒಂದು ಇದ್ದೇ ಇರುತ್ತದೆ. ಮುರ್ಡೇಶ್ವರದ ಶಿವನಿಲ್ಲದ ಆಲ್ಬಂ ಅಪರೂಪ. 123 ಅಡಿ ಎತ್ತರದ ಮೂರ್ತಿ, ಪಕ್ಕದಲ್ಲಿ ಇಪ್ಪತ್ತು ಅಂತಸ್ತಿನ ರಾಜಗೋಪುರ, ಹಿಂದೆ ಅರಬ್ಬೀ ಸಮುದ್ರ. ಗೋಪುರದ ಲಿಫ್ಟ್ ಹತ್ತಿ ಮೇಲಿನ ಕಿಟಕಿಯಿಂದ ನೋಡಿದವರಿಗೆ, ಮೋಡ ಮಂಜು ಇಲ್ಲದ ದಿನವಾದರೆ, ನೈಋತ್ಯ ದಿಕ್ಕಿನಲ್ಲಿ ಸಮುದ್ರದ ಅಂಚಿಗೆ ಅಂಟಿಕೊಂಡಂತೆ ಒಂದು ಕಪ್ಪು ಗುಡ್ಡ ಕಂಡಿರಬಹುದು. ಅದೇ ನೇತ್ರಾಣಿ. ಭಟ್ಕಳ ತಾಲ್ಲೂಕಿಗೆ ಸೇರಿದ, ಆದರೆ ಒಬ್ಬನೇ ಒಬ್ಬ ಮನುಷ್ಯ ವಾಸವಿಲ್ಲದ ದ್ವೀಪ.

2022ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ತೆರೆಗೆ ಬಂದಾಗ ಅದರಲ್ಲಿ ನೇತ್ರಾಣಿಯ ನೀರೊಳಗಿನ ದೃಶ್ಯಗಳಿದ್ದವು. ಅಲ್ಲಿಂದೀಚೆಗೆ ನಮ್ಮ ಸ್ನೇಹಿತರ ಬಳಗದಲ್ಲಿ "ಈ ಸಲ ಊರಿಗೆ ಹೋದಾಗ ಮಕ್ಕಳಿಗೆ ಅಲ್ಲಿ ಸ್ಕೂಬಾ ಮಾಡಿಸಬಹುದೇ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಮಾಡಿಸಬಹುದು, ಖಂಡಿತ. ಆದರೆ ಹೋಗುವ ಮುನ್ನ ಅದು ಎಂಥ ಜಾಗ, ಅಲ್ಲಿ ಏನಿದೆ, ಏನು ಕಳೆದುಹೋಗುತ್ತಿದೆ ಎಂಬುದು ತಿಳಿದಿದ್ದರೆ ಚೆನ್ನ ಎಂದು ನಮಗನ್ನಿಸಿದ್ದರಿಂದ ಈ ಲೇಖನ.

ಮೊದಲು ಅಳತೆಯ ಲೆಕ್ಕ. ಮುರ್ಡೇಶ್ವರದ ದಡದಿಂದ ದೂರ ಸುಮಾರು 19 ಕಿಲೋಮೀಟರ್, ಅಂದರೆ ಹತ್ತು ನಾಟಿಕಲ್ ಮೈಲಿ. ಚಾರಿಂಗ್ ಕ್ರಾಸಿನಿಂದ ಹೀಥ್ರೂಗಿಂತ ಸ್ವಲ್ಪ ಹತ್ತಿರ ಎನ್ನಿ. ದೋಣಿಯಲ್ಲಿ ಒಂದರಿಂದ ಒಂದೂವರೆ ತಾಸು. ದ್ವೀಪದ ಅಗಲ ಅರ್ಧ ಮೈಲಿಯ ಆಸುಪಾಸು. ಹೈಡ್ ಪಾರ್ಕಿನೊಳಗೆ ಇಟ್ಟರೆ ಸುತ್ತ ಜಾಗ ಉಳಿಯುತ್ತದೆ. ಎತ್ತರ ಸುಮಾರು 300 ಅಡಿ, ಬಿಗ್ ಬೆನ್ ಗೋಪುರಕ್ಕೆ ಹೆಚ್ಚುಕಡಿಮೆ ಸಮ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಕಾಣುತ್ತದೆ, ಹಾಗಾಗಿ ಪ್ರವಾಸದ ಜಾಹೀರಾತುಗಳಲ್ಲಿ ಇದು 'ಹಾರ್ಟ್ ಐಲ್ಯಾಂಡ್'. ಬ್ರಿಟಿಷರ ನಕ್ಷೆಗಳಲ್ಲಿ 'ಪಿಜನ್ ಐಲ್ಯಾಂಡ್', ಪಾರಿವಾಳದ ದ್ವೀಪ. ಸುತ್ತಲೂ ಕಡಿದಾದ ಬಂಡೆ, ತಲೆಯ ಮೇಲೆ ದಟ್ಟ ಮರಗಿಡ. ಮರಳಿನ ದಂಡೆ ಎಂದು ಹೇಳಿಕೊಳ್ಳುವಂಥದ್ದು ಇಲ್ಲ. ಬೀಚ್ ಟವೆಲ್ ಹಾಸಿ ಮಲಗುವ ದ್ವೀಪದ ಕಲ್ಪನೆಯಿದ್ದರೆ ಅದನ್ನು ಇಲ್ಲೇ ಬಿಟ್ಟುಬಿಡಿ.

ಇದನ್ನು ಎಲ್ಲರೂ 'ಹವಳದ ದ್ವೀಪ' ಎಂದು ಕರೆಯುತ್ತಾರೆ. ಈ ಮಾತಿನಲ್ಲಿ ಎರಡು ಗೊಂದಲಗಳಿವೆ.

ಒಂದನೆಯದು ಹವಳ ಎಂಬ ಪದದ್ದೇ. ಹವಳ ಎಂದರೆ ನಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ, ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿ, ನವರತ್ನದ ಉಂಗುರ. ಆ ಕೆಂಪು ಹವಳ ನೇತ್ರಾಣಿಯಲ್ಲೂ ಇಲ್ಲ, ಲಕ್ಷದ್ವೀಪದಲ್ಲೂ ಇಲ್ಲ. ಅದು ಬಹುಪಾಲು ಮೆಡಿಟರೇನಿಯನ್ ಸಮುದ್ರದ್ದು. ಬೆಳಕು ಕಡಿಮೆಯಿರುವ ಗುಹೆಗಳಲ್ಲಿ, ಆಳದ ಬಂಡೆಗಳ ಮೇಲೆ ಬೆಳೆಯುತ್ತದೆ. ಇಟಲಿಯ ನೇಪಲ್ಸ್ ಹತ್ತಿರದ ತೋರ್ರೆ ದೆಲ್ ಗ್ರೇಕೋ ಎಂಬ ಊರಿನ ಕುಶಲಕರ್ಮಿಗಳು ಅದನ್ನು ಕೊರೆದು ಮಣಿ ಮಾಡಿ ಜಗತ್ತಿಗೆ ಮಾರಿದರು. ನಮ್ಮ ಅಜ್ಜಿಯರ ಹವಳದ ಸರ ಯುರೋಪಿನಿಂದ ಕರ್ನಾಟಕಕ್ಕೆ ಬಂದದ್ದು, ನಾವು ಕರ್ನಾಟಕದಿಂದ ಯುರೋಪಿಗೆ ಬಂದದ್ದು. ಇರಲಿ.

ದಿಬ್ಬ ಕಟ್ಟುವ ಹವಳ ಬೇರೆ. ಅದು ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಒಂದೊಂದು ಪ್ರಾಣಿಯೂ ಕೆಲವೇ ಮಿಲಿಮೀಟರಿನ ಪುಟ್ಟ ಚೀಲದ ಹಾಗೆ. ಬಾಯಿಯ ಸುತ್ತ ಬೆರಳುಗಳಂಥ ಎಳೆಗಳು. ಇದಕ್ಕೆ ಪಾಲಿಪ್ ಎನ್ನುತ್ತಾರೆ. ಅದು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತನ್ನ ಕೆಳಗೆ ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರು ಪಾಲಿಪ್‌ಗಳು ಒಂದೇ ವಠಾರದಲ್ಲಿ ಬಾಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತದೆ, ಹವಳ ಅದಕ್ಕೆ ಮನೆ ಕೊಡುತ್ತದೆ. ಹವಳದ ಬಣ್ಣದ ಬಹುಪಾಲು ಈ ಬಾಡಿಗೆದಾರನದೇ. ಉಂಡೆಯಾಕಾರದ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಫುಟ್‌ಬಾಲ್ ಗಾತ್ರದ ಒಂದು ಉಂಡೆ ಕಂಡರೆ ಅದರ ವಯಸ್ಸು ಹತ್ತು ವರ್ಷಕ್ಕೂ ಮೇಲೆ ಎಂದು ತಿಳಿಯಿರಿ; ಅದರ ಮೇಲೆ ಫಿನ್ ಹಾಕಿದ ಕಾಲು ಒಮ್ಮೆ ಊರಿದರೆ ಅಷ್ಟೂ ವರ್ಷದ ಕೆಲಸ ಹಾಳು.

ಎರಡನೆಯ ಗೊಂದಲ 'ದ್ವೀಪ' ಎಂಬಲ್ಲಿದೆ. ಹವಳವೇ ಕಟ್ಟಿದ ದ್ವೀಪ ಒಂದು ಬಗೆ, ಹವಳ ಮೆತ್ತಿಕೊಂಡ ದ್ವೀಪ ಇನ್ನೊಂದು ಬಗೆ. ಈ ವ್ಯತ್ಯಾಸವನ್ನು ಜಗತ್ತಿಗೆ ಬಿಡಿಸಿ ಹೇಳಿದವರು ನಮ್ಮ ಲಂಡನ್ನಿನವರೇ ಆದ ಚಾರ್ಲ್ಸ್ ಡಾರ್ವಿನ್. ವಿಕಾಸವಾದದ ಪುಸ್ತಕ ಬಂದದ್ದು 1859ರಲ್ಲಿ. ಅದಕ್ಕೂ ಹದಿನೇಳು ವರ್ಷ ಮೊದಲು, 1842ರಲ್ಲಿ, ಗವರ್ ಸ್ಟ್ರೀಟಿನ ಮನೆಯಲ್ಲಿದ್ದುಕೊಂಡು ಅವರು ಹವಳದ ದಿಬ್ಬಗಳ ಬಗ್ಗೆಯೇ ಒಂದು ಪುಸ್ತಕ ತಂದಿದ್ದರು. ಅದೇ ವರ್ಷ ಡೌನ್ ಹಳ್ಳಿಗೆ, ಈಗಿನ ಬ್ರಾಮ್ಲಿ ಬರೋಗೆ, ಮನೆ ಬದಲಿಸಿದರು. ಅವರ ವಾದ ಸರಳ. ಸಮುದ್ರದ ನಡುವೆ ಒಂದು ಜ್ವಾಲಾಮುಖಿ ಬೆಟ್ಟ. ಅದರ ದಡದ ಸುತ್ತ ಹವಳ ಬೆಳೆಯುತ್ತದೆ. ಬೆಟ್ಟ ನಿಧಾನವಾಗಿ ಕುಸಿಯುತ್ತಾ ಹೋದಂತೆ ಹವಳ ಬೆಳಕಿಗಾಗಿ ಮೇಲಕ್ಕೆ ಕಟ್ಟುತ್ತಾ ಬರುತ್ತದೆ. ಕೊನೆಗೆ ಬೆಟ್ಟ ಪೂರ್ತಿ ಮುಳುಗಿ, ಹವಳದ ಉಂಗುರ ಮಾತ್ರ ಉಳಿಯುತ್ತದೆ. ನಿಜವಾದ ದಿಬ್ಬವೊಂದನ್ನು ಕಣ್ಣಾರೆ ಕಾಣುವ ಮುನ್ನವೇ, ದಕ್ಷಿಣ ಅಮೆರಿಕದ ಕರಾವಳಿಯಲ್ಲಿದ್ದಾಗಲೇ, ಅವರಿಗೆ ಈ ಯೋಚನೆ ಹೊಳೆದಿತ್ತಂತೆ. ಆಮೇಲೆ 1836ರ ಏಪ್ರಿಲಿನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಹೋಗಿ ನೋಡಿದರು. ಡಿಸೈನ್ ಮೊದಲು, ಟೆಸ್ಟಿಂಗ್ ಆಮೇಲೆ! ಪೂರ್ತಿ ಟೆಸ್ಟಿಂಗ್ ಮುಗಿದದ್ದು 1952ರಲ್ಲಿ: ಪೆಸಿಫಿಕ್‌ನ ಎನೆವೆಟಾಕ್ ದ್ವೀಪದಲ್ಲಿ ಕೊರೆದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಬಂಡೆ ಸಿಕ್ಕಿತು.

ನಮ್ಮ ಹತ್ತಿರದ ಲಕ್ಷದ್ವೀಪ ಆ ಮೊದಲ ಬಗೆಯದು. ಮುಳುಗಿದ ಜ್ವಾಲಾಮುಖಿ ಏಣಿನ ಮೇಲೆ ಹವಳ ಕಟ್ಟಿದ ದ್ವೀಪಗಳು ಅವು. (ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವಿಷ್ಟೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನ ಕಲೆಕ್ಟರ್ ಕಚೇರಿಯ ಆಡಳಿತದಲ್ಲಿದ್ದವು ಎಂಬುದು ಎಷ್ಟು ಜನರಿಗೆ ಗೊತ್ತು?) ಅಲ್ಲಿನ ಪಿಟ್ಟಿ ಎಂಬ ಪುಟಾಣಿ ಮರಳುದಿಣ್ಣೆ ಪೂರ್ತಿ ಹವಳದ್ದೇ, ಪೂರ್ತಿ ನಿರ್ಜನ, ಕಡಲ ರೀವಗಳ ಬೀಡು.

ನೇತ್ರಾಣಿ ಎರಡನೆಯ ಬಗೆ. ಅದು ಗಟ್ಟಿ ಬಂಡೆಯ ಗುಡ್ಡ. ನೀರಿನ ಕೆಳಗಿನ ಬಂಡೆಯ ಮೈಗೆ ಹವಳ ತೆಳುವಾಗಿ, ಅಲ್ಲಲ್ಲಿ ಮೆತ್ತಿಕೊಂಡಿದೆ. ಗೋಡೆಗೆ ಬಳಿದ ಸುಣ್ಣದ ಹಾಗೆ. ಕಟ್ಟಡಕ್ಕೂ ಸುಣ್ಣಕ್ಕೂ ಇರುವ ಈ ವ್ಯತ್ಯಾಸ ಸಣ್ಣದಲ್ಲ, ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ವಿಷಯವೇ ಅದು.

ಕರ್ನಾಟಕಕ್ಕೆ ಸುಮಾರು ಮುನ್ನೂರು ಕಿಲೋಮೀಟರ್ ಉದ್ದದ ಕರಾವಳಿ ಇದೆ, ನೀರು ಬೆಚ್ಚಗಿದೆ, ಬಿಸಿಲಿಗೆ ಬರವಿಲ್ಲ. ಆದರೂ ಹವಳ ಏಕೆ ಎಲ್ಲೆಡೆ ಇಲ್ಲ? ಉತ್ತರ ಘಟ್ಟದ ಮೇಲಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಲಂಡನ್ನಿನಲ್ಲಿ ವರ್ಷವಿಡೀ ಬೀಳುವುದು ಅದರ ಕಾಲು ಭಾಗಕ್ಕಿಂತ ಕಡಿಮೆ, ಆದರೂ ನಾವು ಮಳೆ ಎಂದು ಗೊಣಗುತ್ತೇವೆ! ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಒಟ್ಟಿಗೆ ಕೆಂಪು ಮಣ್ಣಿನ ಸಿಹಿನೀರನ್ನು ಸಮುದ್ರಕ್ಕೆ ತಂದು ಸುರಿಯುತ್ತವೆ. ಹವಳಕ್ಕೆ ಬೇಕಾದದ್ದು ಉಪ್ಪುನೀರು, ತಿಳಿನೀರು, ಕಾಲೂರಲು ಗಟ್ಟಿ ನೆಲ. ದಡದ ಹತ್ತಿರ ನೀರು ಕದಡಿರುತ್ತದೆ, ಕೆಳಗೆ ಕೆಸರು. ಪಾಚಿಗೆ ಬೆಳಕಿಲ್ಲ, ಪಾಲಿಪ್‌ನ ಬಾಯಿಗೆ ಮಣ್ಣು. ಹತ್ತೊಂಬತ್ತು ಕಿಲೋಮೀಟರ್ ಆಚೆ ಒಂದು ಬಂಡೆ ನಿಂತಿರುವುದರಿಂದ, ಕೆಸರು ಅಷ್ಟು ದೂರಕ್ಕೆ ದಟ್ಟವಾಗಿ ತಲುಪದೆ ಇರುವುದರಿಂದ, ಅಲ್ಲಿ ಹವಳ ಬದುಕಿದೆ. ನೇತ್ರಾಣಿಯ ದೂರವೇ ಅದರ ರಕ್ಷಣೆ.

ಆದರೆ ದೂರಕ್ಕೆ ಇನ್ನೊಂದು ಮುಖವೂ ಉಂಟು. ಹವಳ ವರ್ಷದಲ್ಲಿ ಕೆಲವೇ ರಾತ್ರಿ, ಸಾಮಾನ್ಯವಾಗಿ ಹುಣ್ಣಿಮೆಯ ನಂತರದ ದಿನಗಳಲ್ಲಿ, ತತ್ತಿ ಮತ್ತು ವೀರ್ಯಾಣುಗಳನ್ನು ನೀರಿಗೆ ಬಿಡುತ್ತದೆ. ಅವು ಕೂಡಿ ಹುಟ್ಟಿದ ಮರಿ ಕೆಲವು ದಿನ ತೇಲಿ, ಗಟ್ಟಿ ನೆಲ ಸಿಕ್ಕಲ್ಲಿ ಕೂತು, ಅಲ್ಲೇ ಹೊಸ ವಠಾರ ಶುರು ಮಾಡುತ್ತದೆ. ದೊಡ್ಡ ದಿಬ್ಬಗಳ ಸಾಲಿನಲ್ಲಿ ಒಂದು ಕಡೆ ಹವಳ ಸತ್ತರೆ ಪಕ್ಕದಿಂದ ಮರಿಗಳು ಬಂದು ತುಂಬುತ್ತವೆ. ನೇತ್ರಾಣಿಗೆ ಪಕ್ಕದ ಮನೆ ಎಲ್ಲಿದೆ? ಉತ್ತರಕ್ಕೆ ಗೋವಾದ ಗ್ರಾಂಡೆ ದ್ವೀಪ, ಮಾಲ್ವಣದ ಸುತ್ತಮುತ್ತ ಸಣ್ಣಪುಟ್ಟ ತುಣುಕುಗಳಿವೆ. ಲಕ್ಷದ್ವೀಪದ ಅತಿ ಹತ್ತಿರದ ದಿಬ್ಬವೂ ಸುಮಾರು ಮುನ್ನೂರು ಕಿಲೋಮೀಟರ್ ದೂರ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಇದು ಹತ್ತಿರದಲ್ಲಿ ಬ್ಯಾಕಪ್ ಇಲ್ಲದ ಸರ್ವರ್.

ಇಷ್ಟು ಸಣ್ಣ ಜಾಗದಲ್ಲಿ ಎಷ್ಟೊಂದು ಜೀವ! ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ಮುಳುಗಿ ಎಣಿಸಿ 2008ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 80ಕ್ಕೂ ಹೆಚ್ಚು ಬಗೆಯ ಮೀನುಗಳಿವೆ. ಹಳದಿ ಪಟ್ಟೆಯ ಚಿಟ್ಟೆ ಮೀನು, ಬಂಡೆಯ ಸಂದಿನಿಂದ ಬಾಯಿ ತೆರೆದು ನೋಡುವ ಮೊರೇ ಹಾವುಮೀನು, ತೊರಕೆ, ಕಡಲಾಮೆ. ಅದೃಷ್ಟವಿದ್ದವರಿಗೆ ತಿಮಿಂಗಿಲ ಶಾರ್ಕ್ ಕೂಡ ಕಾಣುತ್ತದೆ. ಹೆಸರು ಕೇಳಿ ಹೆದರಬೇಡಿ, ಜಗತ್ತಿನ ಅತಿ ದೊಡ್ಡ ಮೀನಾದರೂ ಅದು ತಿನ್ನುವುದು ಮುಖ್ಯವಾಗಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು. ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಗಿಳಿ ಮೀನಿನ ಕಥೆ. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಅದು ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಜೊತೆಗೆ ಹೊಟ್ಟೆಗೆ ಹೋದ ಸುಣ್ಣವನ್ನು ಪುಡಿಮಾಡಿ ಹಿಂದಿನಿಂದ ಮರಳಾಗಿ ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದು ಗಿಳಿ ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಹನಿಮೂನ್ ಜೋಡಿಗಳು ಹೊರಳಾಡುವ ಮಾಲ್ಡೀವ್ಸ್‌ನ ಬಿಳಿ ಮರಳಿನ ಮೂಲ ಹೆಚ್ಚಾಗಿ ಇದೇ ಎಂದು ಹೇಳಿದರೆ ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ.

ಈಗ ನೀರಿನಿಂದ ಮೇಲೆ ಬರೋಣ. ನೇತ್ರಾಣಿ ವಿಜ್ಞಾನಿಗಳ ಪುಸ್ತಕ ಸೇರಿದ್ದು ಹವಳದಿಂದಲ್ಲ, ಹಕ್ಕಿಗಳಿಂದ. ಇಲ್ಲಿನ ಬಿಳಿ ಹೊಟ್ಟೆಯ ಕಡಲ ಹದ್ದುಗಳ ದೊಡ್ಡ ವಸಾಹತು ಪಕ್ಷಿಪ್ರಿಯರ ಹಳೆಯ ದಾಖಲೆಗಳಲ್ಲಿ ಹೆಸರಾಗಿತ್ತು. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಆಸುಪಾಸು ಅಗಲವಾಗುವ ಈ ಹಕ್ಕಿ ಮೀನಿನ ಜೊತೆ ಕಡಲ ಹಾವುಗಳನ್ನೂ ಹಿಡಿಯುತ್ತದೆ. ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ವರ್ಷ ವರ್ಷವೂ ಅದೇ ಗೂಡಿಗೆ ಹೊಸ ಕಡ್ಡಿ ಸೇರಿಸುತ್ತದೆ. ಹಾಗಾಗಿ ಅದಕ್ಕೆ ಬೇಕಾದದ್ದು ಹಳೆಯ ದೊಡ್ಡ ಮರ ಮತ್ತು ಯಾರೂ ಬರದ ನೆಮ್ಮದಿ. ನಿರ್ಜನ ದ್ವೀಪಕ್ಕಿಂತ ಒಳ್ಳೆಯ ಸೈಟು ಅದಕ್ಕೆ ಬೇರೆಲ್ಲಿ ಸಿಕ್ಕೀತು?

ಇನ್ನೊಂದು ಹಕ್ಕಿ ಸ್ವಿಫ್ಟ್‌ಲೆಟ್. ಗುಬ್ಬಿಗಿಂತ ಚಿಕ್ಕದು, ಕತ್ತಲೆಯ ಗುಹೆಯ ಗೋಡೆಗೆ ತನ್ನ ಜೊಲ್ಲಿನಿಂದಲೇ ಗೂಡು ಅಂಟಿಸುತ್ತದೆ. ಚೈನಾಟೌನಿನಲ್ಲಿ ಸೂಪ್ ಮಾಡುತ್ತಾರಲ್ಲ, ಅದೇ ಕುಟುಂಬದ ಹಕ್ಕಿ. ನಮ್ಮ ಜಾತಿಯದರ ಗೂಡಿನಲ್ಲಿ ಗರಿ, ನಾರು ಬೆರೆತಿರುವುದರಿಂದ ಸೂಪಿನವರಿಗೆ ಅಷ್ಟು ಪ್ರೀತಿಯಿಲ್ಲ. ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ 1860ರ ದಶಕದಲ್ಲಿ ಪ್ರಕಟವಾದ ತಮ್ಮ ಭಾರತದ ಹಕ್ಕಿಗಳ ಗ್ರಂಥದಲ್ಲಿ ಹೊನ್ನಾವರದಾಚೆಯ ಪಿಜನ್ ಐಲ್ಯಾಂಡಿನ ಗುಹೆಯಲ್ಲಿದ್ದ ಈ ಹಕ್ಕಿಗಳ ಬಗ್ಗೆ ಬರೆದರು.

ಜೆರ್ಡನ್ ನಂತರ ಬಂದವರು ಇನ್ನೂ ಸ್ವಾರಸ್ಯದ ವ್ಯಕ್ತಿ: ಅಲನ್ ಆಕ್ಟೇವಿಯನ್ ಹ್ಯೂಮ್. ಶಾಲೆಯಲ್ಲಿ ಕಾಂಗ್ರೆಸ್ ಸ್ಥಾಪಕರು ಯಾರು ಎಂಬ ಪ್ರಶ್ನೆಗೆ ನಾವೆಲ್ಲ ಬಾಯಿಪಾಠ ಮಾಡಿ ಬರೆದ ಅದೇ ಎ. ಓ. ಹ್ಯೂಮ್. 1875ರಲ್ಲಿ ಅವರು ಸರ್ಕಾರಿ ಹಡಗೊಂದರಲ್ಲಿ ಪಶ್ಚಿಮ ಕರಾವಳಿಯ ದ್ವೀಪಗಳನ್ನೂ ಲಕ್ಷದ್ವೀಪವನ್ನೂ ಸುತ್ತಿ, ಕಂಡ ಹಕ್ಕಿಗಳ ವಿವರವನ್ನು ತಾವೇ ನಡೆಸುತ್ತಿದ್ದ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ 1876ರಲ್ಲಿ ಬರೆದರು. 1885ರಲ್ಲಿ, ಅಂದರೆ ಕಾಂಗ್ರೆಸ್ ಹುಟ್ಟಿದ ವರ್ಷವೇ, ಸುಮಾರು 82,000 ಹಕ್ಕಿ ಮತ್ತು ಮೊಟ್ಟೆಗಳ ತಮ್ಮ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟರು. ಮ್ಯೂಸಿಯಂನ ಹಕ್ಕಿಗಳ ಸಂಗ್ರಹ ಈಗ ಲಂಡನ್ನಿನ ಹೊರವಲಯದ ಟ್ರಿಂಗ್ ಊರಿನಲ್ಲಿದೆ. ಹ್ಯೂಮ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಸೌತ್ ಲಂಡನ್ನಿನ ಅಪ್ಪರ್ ನಾರ್‌ವುಡ್‌ನಲ್ಲಿ. ಹಕ್ಕಿ ಬಿಟ್ಟು ಸಸ್ಯಗಳ ಹಿಂದೆ ಬಿದ್ದು 1910ರಲ್ಲಿ ಟಲ್ಸ್ ಹಿಲ್‌ನಲ್ಲಿ ಸೌತ್ ಲಂಡನ್ ಬೊಟಾನಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಅದು ಇವತ್ತಿಗೂ ಇದೆ. ಕ್ರಾಯ್ಡನ್ ಕಡೆಯ ನಮ್ಮವರು ಎಷ್ಟೋ ಜನ ಅದರ ಮುಂದೆಯೇ ಬಸ್ಸಿನಲ್ಲಿ ಹಾದುಹೋಗಿರಬಹುದು.

ಹಕ್ಕಿಗೂ ಹವಳಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬಹಳ ಇದೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹದಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನಿಕ್ ಗ್ರಹಾಂ ಮತ್ತು ಸಂಗಡಿಗರು ಹನ್ನೆರಡು ದ್ವೀಪಗಳನ್ನು ಹೋಲಿಸಿ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಆರು ದ್ವೀಪಗಳಿಗೆ ಹಿಂದಿನ ಕಾಲದ ಹಡಗುಗಳಿಂದ ಇಲಿ ಬಂದು ಸೇರಿತ್ತು. ಮೊಟ್ಟೆ ತಿಂದು ಹಕ್ಕಿಗಳನ್ನು ಅಳಿಸಿಹಾಕಿತ್ತು. ಇಲಿ ಇಲ್ಲದ ಆರು ದ್ವೀಪಗಳಲ್ಲಿ ಹಕ್ಕಿಗಳು ತುಂಬಿದ್ದವು. ಹಕ್ಕಿಗಳು ದೂರದ ಸಮುದ್ರದಲ್ಲಿ ಮೀನು ತಿಂದು ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತವೆ, ಮಳೆಗೆ ಆ ಗೊಬ್ಬರ ತೊಳೆದು ದಿಬ್ಬಕ್ಕೆ ಇಳಿಯುತ್ತದೆ. ಪರಿಣಾಮ, ಹಕ್ಕಿ ಇರುವ ದ್ವೀಪಗಳ ಸುತ್ತ ಮೀನಿನ ಒಟ್ಟು ತೂಕ 48 ಶೇಕಡಾ ಹೆಚ್ಚು. ಮೇಲಿನ ಕಾಡು, ಹಕ್ಕಿ, ಕೆಳಗಿನ ಹವಳ ಇವು ಮೂರು ಬೇರೆ ಬೇರೆ ವಿಷಯಗಳಲ್ಲ ಎಂದಾಯಿತು.

ನಿರ್ಜನ ಎಂದರೆ ಮನುಷ್ಯರು ಮುಟ್ಟಿಲ್ಲ ಎಂದೇನೂ ಅಲ್ಲ. ಕರಾವಳಿಯ ಮೀನುಗಾರರಿಗೆ ಇದು ದೈವದ ಜಾಗ. ದ್ವೀಪದ ಮೇಲೆ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರ ಪೂಜಾಸ್ಥಾನಗಳೂ ಇವೆ. ಬಲೆ ಎಳೆಯುವವರಿಗೆ ಸಮುದ್ರದಲ್ಲಿ ಭಯವೂ ಒಂದೇ, ಭಕ್ತಿಯೂ ಒಂದೇ. ಹರಕೆ ಹೊತ್ತವರು ಆಡುಗಳನ್ನು ತಂದು ದ್ವೀಪದ ಮೇಲೆ ಜೀವಂತ ಬಿಟ್ಟು ಹೋಗುವ ಪದ್ಧತಿ ಬೆಳೆದು ಬಂದಿದೆ. ಹರಕೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಲೆಕ್ಕ ನೋಡಿ: ಆಡು ಎಳೆಯ ಸಸಿಯನ್ನು ಮೇಯುತ್ತದೆ. ಸಸಿ ಇಲ್ಲದಿದ್ದರೆ ಮುಂದಿನ ತಲೆಮಾರಿನ ಮರವಿಲ್ಲ, ಹದ್ದಿಗೆ ಗೂಡಿಲ್ಲ. ಬೇರು ಹಿಡಿಯದ ಮಣ್ಣು ಮಳೆಗಾಲದಲ್ಲಿ ನೇರ ಸಮುದ್ರಕ್ಕೆ ಜಾರುತ್ತದೆ, ಅಂದರೆ ಹವಳದ ಮೇಲೆಯೇ. ಹತ್ತೊಂಬತ್ತು ಕಿಲೋಮೀಟರ್ ದೂರವಿದ್ದು ನದಿಯ ಕೆಸರಿನಿಂದ ಪಾರಾದ ಹವಳಕ್ಕೆ ತಲೆಯ ಮೇಲಿನಿಂದಲೇ ಕೆಸರು.

ಇನ್ನೊಂದು ಕಥೆ ಗುಂಡಿನದು. ನೌಕಾಪಡೆ ಹಲವು ವರ್ಷ ಈ ದ್ವೀಪದ ಬಂಡೆಯನ್ನು ಗುರಿ ಅಭ್ಯಾಸಕ್ಕೆ ಬಳಸಿತು. ಸಿಡಿದ ಶೆಲ್ಲುಗಳ ತುಂಡುಗಳು ದ್ವೀಪದ ಮೇಲೆ ಸಿಕ್ಕವು. ಜೀವವಿಜ್ಞಾನಿಗಳೂ ಮೀನುಗಾರರೂ ಇದನ್ನು ವಿರೋಧಿಸಿದರು. ದೇಶದ ರಕ್ಷಣೆಗೆ ಅಭ್ಯಾಸ ಬೇಕು, ಅನುಮಾನವಿಲ್ಲ. ಆದರೆ ಅದಕ್ಕೆ ಇಡೀ ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲದ ಬಂಡೆಯೇ ಆಗಬೇಕೇ ಎಂಬ ಅವರ ಪ್ರಶ್ನೆ ನಮಗೆ ನ್ಯಾಯವಾಗಿಯೇ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಸಮುದ್ರದ ಬಿಸಿ. ನೀರು ಬೇಸಿಗೆಯ ಮಾಮೂಲು ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನ ಬಾಡಿಗೆದಾರ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ. ಅಲ್ಲಿನ ಜೀವಂತ ಹವಳದ ಹರವು 1998ರಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂದು ಅಷ್ಟೂ ವರ್ಷ ಅಲ್ಲೇ ಅಧ್ಯಯನ ನಡೆಸಿದ ಭಾರತೀಯ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಅಷ್ಟು ದೊಡ್ಡ ದಿಬ್ಬಗಳ ಕಥೆಯೇ ಇದಾದರೆ, ಗೋಡೆಗೆ ಬಳಿದ ಸುಣ್ಣದಷ್ಟು ತೆಳ್ಳಗಿನ ನೇತ್ರಾಣಿಯ ಹವಳಕ್ಕೆ ಉಳಿಕೆಯ ಬಂಡವಾಳ ಎಷ್ಟಿದ್ದೀತು?

ಬಿಸಿಯನ್ನು ನಾವೊಬ್ಬರೇ ತಡೆಯಲಾರೆವು. ಆದರೆ ಲಂಗರು ನಮ್ಮ ಕೈಯಲ್ಲಿದೆ. ನಾವು ಎರಡು ಕುಟುಂಬ ಡಿಸೆಂಬರ್ ರಜೆಯಲ್ಲಿ ಒಮ್ಮೆ ಹೋಗಿದ್ದೆವು. ಲೈಫ್ ಜಾಕೆಟ್, ತರಬೇತಿ, ಊಟ ಎಲ್ಲ ಅಚ್ಚುಕಟ್ಟು. ಆದರೆ ದೋಣಿಯವರು ಕಬ್ಬಿಣದ ಲಂಗರನ್ನು ಹವಳವಿದ್ದ ಬಂಡೆಯ ಮೇಲೆಯೇ ಎಸೆದರು. ಕೇಳಿದರೆ, "ಎಲ್ಲರೂ ಇಲ್ಲೇ ಹಾಕುವುದು ಸಾರ್" ಎಂಬ ಉತ್ತರ. ಅದು ದಿನಕ್ಕೆ ಎಷ್ಟು ದೋಣಿ, ಸೀಸನ್ನಿಗೆ ಎಷ್ಟು ದಿನ ಎಂದು ಗುಣಿಸಿ ನೋಡಬೇಕಾದ ಮಾತು. ಇದಕ್ಕೆ ಪರಿಹಾರ ರಾಕೆಟ್ ವಿಜ್ಞಾನವಲ್ಲ: ತಳಕ್ಕೆ ಶಾಶ್ವತವಾಗಿ ಕಟ್ಟಿದ ತೇಲುಬೋಯಾ, ಬಂದ ದೋಣಿ ಅದಕ್ಕೆ ಹಗ್ಗ ಕಟ್ಟಿದರೆ ಮುಗಿಯಿತು. ಬುಕಿಂಗ್ ಮಾಡುವಾಗ "ಲಂಗರು ಎಸೆಯುತ್ತೀರೋ, ಬೋಯಾಕ್ಕೆ ಕಟ್ಟುತ್ತೀರೋ?" ಎಂದು ಒಂದು ಮಾತು ಕೇಳಿ. ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರ ಹೊತ್ತಿಗೆ ಬೋಯಾ ಬಂದಿರುತ್ತದೆ ಎಂಬುದು ವ್ಯಾಪಾರದ ಮೇಲೆ ನಮಗಿರುವ ನಂಬಿಕೆ.

ಡೈವಿಂಗಿಗೆ ಕರೆದೊಯ್ಯುವವರು ದ್ವೀಪದ ಮೇಲೆ ಇಳಿಸುವುದಿಲ್ಲ, ಇಳಿಸಿ ಎಂದು ಒತ್ತಾಯಿಸಬೇಡಿ. ನೀರಿನಲ್ಲಿ ಏನನ್ನೂ ಮುಟ್ಟಬೇಡಿ, ಹವಳದ ಮೇಲೆ ನಿಂತು ಫೋಟೋ ಬೇಡ. ಸನ್‌ಸ್ಕ್ರೀನ್ ಬದಲು ತೋಳುದ್ದದ ಈಜುಡುಗೆ ಒಳ್ಳೆಯದು. ಮುರಿದು ಬಿದ್ದ ತುಂಡಾದರೂ ನೆನಪಿಗೆಂದು ತರಬೇಡಿ: ದಿಬ್ಬ ಕಟ್ಟುವ ಹವಳಗಳು 2001ರಿಂದ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ. ಸೂಟ್‌ಕೇಸಿನಲ್ಲಿ ಬಂದ ತುಂಡು ಹೀಥ್ರೂ ಕಸ್ಟಮ್ಸಿನಲ್ಲೂ ತೊಂದರೆಯೇ, ಏಕೆಂದರೆ ಪರವಾನಗಿ ಇಲ್ಲದೆ ಹವಳ ಸಾಗಿಸುವುದನ್ನು ಅಂತರರಾಷ್ಟ್ರೀಯ ಒಪ್ಪಂದ ತಡೆಯುತ್ತದೆ.

ಊರಿಗೆ ಹೋಗುವ ತನಕ ಕಾಯಬೇಕಿಲ್ಲ ಎನ್ನುವವರಿಗೆ ಫಾರೆಸ್ಟ್ ಹಿಲ್‌ನ ಹಾರ್ನಿಮನ್ ಮ್ಯೂಸಿಯಂ ಇದೆ. ಅಲ್ಲಿನ ಅಕ್ವೇರಿಯಂ ತಂಡ 2013ರಲ್ಲಿ ಪ್ರಯೋಗಾಲಯದ ತೊಟ್ಟಿಯಲ್ಲೇ ಹವಳ ಮೊದಲೇ ಊಹಿಸಿದ ಸಮಯಕ್ಕೆ ತತ್ತಿ ಬಿಡುವಂತೆ ಮಾಡಿ ತೋರಿಸಿತು. ಸೂರ್ಯೋದಯ, ಸೂರ್ಯಾಸ್ತ, ಋತುವಿಗೆ ತಕ್ಕ ನೀರಿನ ಶಾಖ, ಹುಣ್ಣಿಮೆ ಅಮಾವಾಸ್ಯೆಯ ಬೆಳಕು ಇವೆಲ್ಲವನ್ನೂ ಕಂಪ್ಯೂಟರ್ ನಿಯಂತ್ರಣದಿಂದ ತೊಟ್ಟಿಗೆ ಉಣಿಸಿದರು. ಹವಳ ನಿಜವಾದ ಸಮುದ್ರವೇ ಎಂದು ನಂಬಿತು. ಸೌತ್ ಲಂಡನ್ನಿನ ಒಂದು ಕೋಣೆಯಲ್ಲಿ ಹುಣ್ಣಿಮೆಯನ್ನು ಪ್ರೋಗ್ರಾಂ ಮಾಡಿದ ಎಂಜಿನಿಯರುಗಳನ್ನು ಕಂಡರೆ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ. ಮಕ್ಕಳನ್ನು ಕರೆದುಕೊಂಡು ಹೊರಡುವ ಮುನ್ನ ಅಕ್ವೇರಿಯಂ ತೆರೆದಿದೆಯೇ ಎಂದು ನೋಡಿಕೊಳ್ಳಿ. ಹಾಫ್ ಟರ್ಮಿನಲ್ಲಿ ಇನ್ನೊಂದು ದಿನ ಸಿಕ್ಕರೆ ಡೌನ್ ಹಳ್ಳಿಯ ಡಾರ್ವಿನ್ ಮನೆಯೂ ದೂರವಲ್ಲ.

ನೇತ್ರಾಣಿಗೆ ಹೋಗುವವರು ಅಕ್ಟೋಬರಿನಿಂದ ಮೇ ತಿಂಗಳೊಳಗೆ ಹೋಗಬೇಕು. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ, ಅಲೆ ಕಡಿಮೆ. ನಮ್ಮ ಬೇಸಿಗೆ ರಜೆಯ ಜುಲೈ, ಆಗಸ್ಟ್ ಉಪಯೋಗಕ್ಕಿಲ್ಲ, ಸಮುದ್ರ ಆಗ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಆ ತಿಂಗಳುಗಳಲ್ಲಿ ಮುರ್ಡೇಶ್ವರಕ್ಕೆ ಹೋದವರಿಗೆ ಗೋಪುರದ ಮೇಲಿನಿಂದ ದ್ವೀಪ ಕಾಣುವುದೂ ಕಷ್ಟ, ಎಲ್ಲ ಮಳೆಯ ಮರೆಯಲ್ಲಿರುತ್ತದೆ.